ಭಾನುವಾರದ ಕೂಟ: ಅಣಬೆಯ ಅಚ್ಚು ಶನಿವಾರ ರಾತ್ರಿಯೇ ಇಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ನಮ್ಮ ಅಣಬೆ ಕೂಟ ಇದೆ. ಈ ಸಲ ಬರುವವರೆಲ್ಲ ಒಂದೊಂದು ಬೀಜಕಣದ ಅಚ್ಚು, ಅಂದರೆ ಅಣಬೆ ಉದುರಿಸುವ ಬೀಜದಂಥ ಪುಡಿ ಕಾಗದದ ಮೇಲೆ ಮೂಡಿಸುವ ಗುರುತು, ತರಬೇಕು.

ಶನಿವಾರ ರಾತ್ರಿಯೇ ಇಡಿ, ಬೆಳಿಗ್ಗೆ ಇಟ್ಟರೆ ಆಗಲ್ಲ. ಚೆನ್ನಾಗಿ ಅರಳಿದ ಅಣಬೆಯ ಕಾಂಡ ಕತ್ತರಿಸಿ. ಟೋಪಿಯ ಪದರಗಳು ಕೆಳಗೆ ಬರುವಂತೆ ಕಾಗದದ ಮೇಲಿಟ್ಟು, ಗಾಳಿ ಆಡದಂತೆ ಬಟ್ಟಲು ಮುಚ್ಚಿ. ಕಾಗದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಬಿಳಿ ಬೀಜಕಣ ಬಿಳಿ ಕಾಗದದಲ್ಲಿ ಕಾಣುವುದೇ ಇಲ್ಲ, ಅಲ್ವಾ?

ಬೆಳಿಗ್ಗೆ ಮೆಲ್ಲಗೆ ಎತ್ತಿ ನೋಡಿ. ಚಕ್ರದ ಕಡ್ಡಿಗಳ ಹಾಗೆ ಗೆರೆಗೆರೆಯಾಗಿ ನುಣ್ಣನೆ ಪುಡಿ ಬಿದ್ದಿರುತ್ತದೆ. ನನಗಂತೂ ಪ್ರತಿ ಸಲವೂ ಬೆರಗು! ಒಂದೊಂದು ಕಣ ಸುಮಾರು ಮಿಲಿಮೀಟರಿನ ನೂರನೇ ಒಂದು ಭಾಗ, ಕೆಲವು ಇನ್ನೂ ಚಿಕ್ಕವು. ಗಾಳಿಯಲ್ಲಿ ತೇಲಿ ಹೋಗಿ, ತೇವ ಮತ್ತು ಆಹಾರ ಸಿಕ್ಕ ಕಡೆ ಎಳೆಯಾಗಿ ಬೆಳೆಯುತ್ತದೆ. ಸಾಮಾನ್ಯವಾಗಿ ಹೊಂದುವ ಇನ್ನೊಂದು ಎಳೆ ಸಿಕ್ಕಿ ಎರಡೂ ಕೂಡಿದರೇನೇ ಮತ್ತೆ ಅಣಬೆ. ಅಣಬೆಯ ಬಳಗದ್ದೇ ಆದ ಬೂಷ್ಟಿಗೆ ಹೆಚ್ಚಿನ ಸಲ ಜೋಡಿಯೇ ಬೇಕಿಲ್ಲ. ಅದೇ ಬಳಗದ ಯೀಸ್ಟ್ ಸಾಮಾನ್ಯವಾಗಿ ಮೈಮೇಲೆ ಮೊಗ್ಗಿನಂತೆ ಮರಿ ಮೂಡಿ ಹೆಚ್ಚುತ್ತದೆ.

ಆರಿಸಿ ತಂದ ಅಣಬೆಯನ್ನು ದಯವಿಟ್ಟು ಯಾರೂ ಬಾಯಿಗಿಡಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಆಸ್ತಮಾ ಇರುವವರು ಮಾಸ್ಕ್ ಹಾಕಿಕೊಳ್ಳಿ, ಪುಡಿಯನ್ನು ಊದಬೇಡಿ. ಮಕ್ಕಳು ಒಬ್ಬರೇ ಮಾಡುವುದು ಬೇಡ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಅಣಬೆ ಸಿಗದಿದ್ದರೆ ಅದನ್ನೂ ಹೇಳಿ, ನನ್ನ ಹತ್ತಿರ ಜಾಸ್ತಿ ಇವೆ.