ಕತ್ತರಿಸಬಾರದ ಬಟ್ಟೆ

ಗುಳೇದಗುಡ್ಡ
ಭಾನುವಾರ

ಪ್ರೀತಿಯ ಸವಿತಾ,

ನೀನು ಫಿಲಿಪೈನ್ಸಿನ ದಾವೊಗೆ ವಾಪಸ್ ಹೋಗಿ ಇಪ್ಪತ್ತು ದಿನ ಆಯಿತು. ಹೊಟ್ಟೆ ತುಂಬ ಉಣ್ಣುತ್ತಿದ್ದೀಯಾ? ಶೇಂಗಾ ಚಟ್ನಿಪುಡಿ ಇನ್ನೂ ಉಳಿದಿದೆಯಾ? ಫೋನಿನಲ್ಲಿ ನಿನಗೆ ಯಾವಾಗಲೂ ಗಡಿಬಿಡಿ. ಅದಕ್ಕೇ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ನಿಧಾನವಾಗಿ ಓದು.

ನೀನು ತಂದುಕೊಟ್ಟ ಆ ಚಿಕ್ಕ ಪರ್ಸಿನ ವಿಷಯ ಹೇಳಬೇಕು. 'ಇಲ್ಲಿನ ಗುಡ್ಡದ ಜನ ನೇಯ್ದದ್ದವ್ವ, ಬಾಳೆನಾರಿನದು' ಅಂತ ಹೇಳಿ ಕೈಗಿಟ್ಟೆ. ನಾನು ನೇಕಾರರ ಮನೆಯವಳು. ಬಟ್ಟೆ ಕೈಗೆ ಬಂದರೆ ಮೊದಲು ತಿರುಗಿಸಿ ಒಳಗಿನ ಮೈ ನೋಡುತ್ತೇನೆ. ನೋಡಿದೆ. ಕಪ್ಪು, ಕೆಂಪು, ನಾರಿನದೇ ಬಿಳಿ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಎಳ್ಳಿನಷ್ಟು ಸಣ್ಣ ಗಂಟು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನೀನು ಹೋದ ಮೇಲೆ ಆ ಬಟ್ಟೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ಅದರ ಹೆಸರು ಟಿನಲಕ್. ನೇಯುವವರು ಟಿಬೊಲಿ ಬುಡಕಟ್ಟಿನ ಹೆಣ್ಣುಮಕ್ಕಳು. ಊರು ಲೇಕ್ ಸೆಬು, ನೀನಿರುವ ಮಿಂಡನಾವೊ ದ್ವೀಪದಲ್ಲೇ ಇದೆ. ನಾರು ಬಾಳೆಯದಲ್ಲ, ಬಾಳೆಯ ಜಾತಿಗೇ ಸೇರಿದ ಅಬಾಕಾ ಗಿಡದ್ದು. ದಿಂಡಿನಿಂದ ನಾರು ಸುಲಿದು, ಒಣಗಿಸಿ, ಒಂದೊಂದೇ ಎಳೆಯ ತುದಿಗೆ ಇನ್ನೊಂದನ್ನು ಕೈಯಲ್ಲೇ ಗಂಟು ಹಾಕುತ್ತಾರೆ. ನಾನು ನೋಡಿದ್ದು ಅದೇ ಗಂಟು. ಆಮೇಲೆ ಹಾಸಿನ, ಅಂದರೆ ಉದ್ದಕ್ಕೆ ಬರುವ, ಎಳೆಗಳನ್ನು ಗೊಂಚಲು ಗೊಂಚಲಾಗಿ ದಾರದಿಂದ ಬಿಗಿದು ಬಣ್ಣದಲ್ಲಿ ಕುದಿಸುತ್ತಾರೆ. ಕಟ್ಟಿದಲ್ಲಿ ಬಣ್ಣ ಹತ್ತುವುದಿಲ್ಲ. ಅಂದರೆ ಮಗ್ಗಕ್ಕೆ ಏರುವ ಮೊದಲೇ ಚಿತ್ತಾರ ಹಾಸಿನಲ್ಲಿ ಕೂತಿರುತ್ತದೆ. ಕಾಗದದ ಮೇಲೆ ಬರೆದ ನಕ್ಷೆ ಇಲ್ಲ, ಗೆರೆ ಇಲ್ಲ. ಎಲ್ಲಿ ಕಟ್ಟಬೇಕು ಅನ್ನುವುದು ನೇಯುವವಳ ತಲೆಯಲ್ಲಿ ಮಾತ್ರ. ಆ ಚಿತ್ತಾರ ಕನಸಿನಲ್ಲಿ ಬರುತ್ತದಂತೆ. ಅಬಾಕಾ ಗಿಡದ ದೇವತೆ ಫು ದಾಲು ಕನಸಿನಲ್ಲಿ ತೋರಿಸುತ್ತಾಳೆ ಅಂತ ಅವರ ನಂಬಿಕೆ. ಬಿಸಿಲೇರಿದರೆ ನಾರು ಪಟಪಟ ಹರಿಯುತ್ತದೆ. ಹಾಗಾಗಿ ತಂಪು ಹೊತ್ತಿನಲ್ಲೇ ನೇಯ್ಗೆ. ಒಂದು ಬಟ್ಟೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕೊನೆಗೆ ಕವಡೆಯಿಂದ ತಿಕ್ಕಿ ಹೊಳಪು ತರುತ್ತಾರೆ.

ಇನ್ನೊಂದು ಮಾತು ಓದಿ ಕಣ್ಣು ಅಲ್ಲೇ ನಿಂತಿತು. ಟಿನಲಕ್ ಕತ್ತರಿಸಬಾರದಂತೆ. ಕತ್ತರಿಸಿದರೆ ಕಾಯಿಲೆ ಬರುತ್ತದೆ, ಸಾವೂ ಬರಬಹುದು ಅನ್ನುವುದು ಹಳೆ ನಂಬಿಕೆ. ಮಾರುವಾಗಲೂ ದೇವತೆಯ ಸಮಾಧಾನಕ್ಕೆ ಒಂದು ಹಿತ್ತಾಳೆ ಉಂಗುರ ಕಟ್ಟಿ ಕೊಡುವುದುಂಟು. ನಿನ್ನ ಪರ್ಸು ಕತ್ತರಿಸಿ ಹೊಲಿದದ್ದು. ನಿನ್ನ ಮೇಲೆ ಸಿಟ್ಟಿಲ್ಲ ಮಗಳೇ. ಈಗ ಅವರೂ ಹೊಟ್ಟೆಪಾಡಿಗೆ ಪರ್ಸು, ಚೀಲ ಮಾಡುತ್ತಾರೆ. ಆದರೂ ಅದನ್ನು ಚಿಲ್ಲರೆ ಹಾಕಿಡಲು ಬಳಸುವ ಮನಸ್ಸಾಗಲಿಲ್ಲ. ನಿನ್ನ ಅಜ್ಜಿ ನೇಯ್ದ ಕೊನೆಯ ಖಣದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ.

ಲೇಕ್ ಸೆಬುವಿನಲ್ಲಿ ಲಾಂಗ್ ದುಲಾಯ್ ಅಂತ ಒಬ್ಬರಿದ್ದರು. 12 ವರ್ಷಕ್ಕೆ ತಾಯಿಯ ಹತ್ತಿರ ಕಲಿಯಲು ಕೂತವರು. ನೂರರಷ್ಟು ಚಿತ್ತಾರ ಅವರಿಗೆ ಬಾಯಿಪಾಠ. ಮೋಡದ್ದೊಂದು, ಚಿಟ್ಟೆಯದೊಂದು, ಹಣೆಯ ಮೇಲಿನ ಕೂದಲಿನದೊಂದು. 1998ರಲ್ಲಿ ಆ ದೇಶ ಅವರಿಗೆ 'ಗವಾದ್ ಸಾ ಮನ್‌ಲಿಲಿಖಾ ನಾಂಗ್ ಬಾಯನ್' ಅನ್ನುವ ಗೌರವ ಕೊಟ್ಟಿತು. ನಾಡಿನ ಸೃಷ್ಟಿಕರ್ತರಿಗೆ ಕೊಡುವ ಗೌರವ ಅಂತ ಅರ್ಥ. 2015ರಲ್ಲಿ ತೀರಿಕೊಂಡರು.

ಅಲ್ಲಿ ದೊಡ್ಡ ಗೌರವ ಎರಡಿವೆ. ಒಂದು 'ರಾಷ್ಟ್ರೀಯ ಕಲಾವಿದ'. 1972ರಲ್ಲಿ ಶುರುವಾಯಿತು, ಮೊದಲು ಸಿಕ್ಕಿದ್ದು ಅದೇ ವರ್ಷ ತೀರಿಕೊಂಡಿದ್ದ ಚಿತ್ರಕಾರ ಫೆರ್ನಾಂದೊ ಅಮೊರ್ಸೊಲೊ ಅವರಿಗೆ. ಸಾಹಿತಿಗಳು, ಸಿನಿಮಾದವರು, ನಾಟಕದವರು ಅದರಲ್ಲಿ ಬರುತ್ತಾರೆ. ನಟಿ ನೋರಾ ಔನೋರ್ ಅವರಿಗೆ 2022ರಲ್ಲಿ ಬಂತು. ನಮ್ಮಂಥವರ ಮನೆಗಳಲ್ಲಿ ನಡೆಯುವ ಕೆಲಸಕ್ಕಾಗಿ ಇನ್ನೊಂದನ್ನು, ಲಾಂಗ್ ದುಲಾಯ್ ಅವರಿಗೆ ಸಿಕ್ಕಿದ್ದನ್ನು, 1992ರಲ್ಲಿ ಕಾನೂನು ಮಾಡಿ ತಂದರು. ನೇಯುವವರು, ಚಾಪೆ ಹೆಣೆಯುವವರು, ಹಿತ್ತಾಳೆ ಎರಕ ಹೊಯ್ಯುವವರು, ಮಹಾಕಾವ್ಯ ಬಾಯಲ್ಲೇ ಹಾಡುವವರು. ಅಬ್ರಾ ಎಂಬ ಕಡೆ ತಿಯೊಫಿಲೊ ಗಾರ್ಸಿಯಾ ಅಂತ ರೈತರಿದ್ದಾರೆ, ಸೋರೆಕಾಯಿ ತಾವೇ ಬೆಳೆದು, ಒಣಗಿಸಿ, ಮಳೆ ಬಿಸಿಲಿಗೆ ಟೊಪ್ಪಿಗೆ ಮಾಡುತ್ತಾರೆ. 2012ರಲ್ಲಿ ಅವರಿಗೂ ಇದೇ ಗೌರವ ಸಿಕ್ಕಿತು. ಸೋರೆಬುರುಡೆಯ ಟೊಪ್ಪಿಗೆಗೆ ಒಂದು ದೇಶ ಎದ್ದು ನಿಂತು ಕೈ ಮುಗಿಯಿತು ಅಂದರೆ ಎಷ್ಟು ದೊಡ್ಡದು, ಅಲ್ವಾ?

ಮೊದಲ ಸಲ, 1993ರಲ್ಲಿ, ಮೂವರಿಗೆ ಕೊಟ್ಟರು. ಅವರಲ್ಲಿ ಮಿಂದೊರೊ ದ್ವೀಪದ ಗಿನಾವ್ ಬಿಲೊಗ್ ಒಬ್ಬರು. ಇವರ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿಸಿದವಳು ನಾನು. ಅವರದು ಹನುನುವೊ ಮಂಗ್ಯಾನ್ ಸಮುದಾಯ. ಸಾಲಿಗೆ ಏಳು ಅಕ್ಷರದಂತೆ 'ಅಂಬಾಹನ್' ಅನ್ನುವ ಪದ್ಯ ಕಟ್ಟುತ್ತಾರೆ, ಚಾಕುವಿನ ಮೊನೆಯಿಂದ ಬಿದಿರಿನ ಮೇಲೆ ಕೊರೆಯುತ್ತಾರೆ. ಅವರ ಲಿಪಿ ಬ್ರಾಹ್ಮಿಯ ಬಳ್ಳಿಯದು, ನಮ್ಮ ಕನ್ನಡದ ಹಾಗೆ. ಬರೀ ಅಕ್ಷರ ಬರೆದರೆ 'ಕ'. ಅದಕ್ಕೊಂದು ಗೀಟು ಸೇರಿಸಿದರೆ 'ಕಿ', ಗೀಟಿನ ಜಾಗ ಬದಲಿಸಿದರೆ 'ಕು'. ಕಾಗುಣಿತವೇ ಅಲ್ವಾ ಇದು! ಕಡಲಾಚೆ ಒಬ್ಬರು ಬಿದಿರಿನ ಮೇಲೆ ಕಾಗುಣಿತ ಕೊರೆಯುತ್ತಾ ಕೂತಿದ್ದರು, ನಾನು ಇಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಓದಿ ಕಣ್ಣು ತುಂಬಿ ಬಂತು. ನಿಮ್ಮಲ್ಲಿ ಮೇಷ್ಟ್ರಿಗೆ 'ಗುರೋ' ಅನ್ನುತ್ತಾರೆ ಅಂತ ನೀನೇ ಒಮ್ಮೆ ಹೇಳಿದ್ದೆ, ನೆನಪಿದೆಯಾ?

ಈ ಗೌರವದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಕರಾರು. ಪದಕ ಹಾಕಿ, ಫೋಟೊ ತೆಗೆದು ಮನೆಗೆ ಕಳಿಸುವುದಿಲ್ಲ. ಬದುಕಿರುವವರೆಗೆ ತಿಂಗಳು ತಿಂಗಳು ಹಣ ಕೊಡುತ್ತಾರೆ. ಅವರು ತಮಗೆ ಗೊತ್ತಿರುವುದನ್ನು ಊರಿನ ಮಕ್ಕಳಿಗೆ ಕಲಿಸಬೇಕು. ಲಾಂಗ್ ದುಲಾಯ್ ಹೋದರು, ಮಗ್ಗ ನಿಲ್ಲಲಿಲ್ಲ. 2023ರಲ್ಲಿ ಅದೇ ಲೇಕ್ ಸೆಬುವಿನ ಬಾರ್ಬರಾ ಒಫೊಂಗ್ ಅವರಿಗೆ ಟಿನಲಕ್ ನೇಯ್ಗೆಗೇ ಗೌರವ ಬಂದಿದೆ.

ನಿನ್ನ ಅಜ್ಜಿಗೆ ಯಾರೂ ಕಲಿಸು ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅವಳು ಕುಣಿಮಗ್ಗದಲ್ಲಿ ಕೂತು ಖಣ ನೇಯುತ್ತಿದ್ದಳು. ನಾನು ಪಕ್ಕದಲ್ಲಿ ಕಂಡಿಕೆ ಸುತ್ತಿ ಕೊಡುತ್ತಿದ್ದೆ. ಹಳೆ ಹಾಸು ಮುಗಿಯುತ್ತಾ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆ ಕೆಚ್ಚಬೇಕಲ್ಲ, ಬೆರಳಿಗೆ ಬೂದಿ ಹಚ್ಚಿಕೊಂಡು ಕೂರುತ್ತಿದ್ದಳು. ಸಾವಿರಾರು ಎಳೆ, ಒಂದೂ ತಪ್ಪುತ್ತಿರಲಿಲ್ಲ. 'ನಂಗೂ ಹೇಳಿಕೊಡವ್ವ' ಅಂತ ಒಮ್ಮೆ ಕೇಳಿದ್ದೆ. 'ನೀ ಓದು, ಈ ಕುಣಿಯಾಗ ಇಳಿಬ್ಯಾಡ' ಅಂದಳು. ಪ್ರೀತಿಯಿಂದಲೇ ಅಂದದ್ದು. ನಾನು ಓದಿದೆ, ಟೀಚರಾದೆ, ನಿನ್ನನ್ನು ಡಾಕ್ಟರ್ ಓದಲು ಕಳಿಸಿದೆ. ಅದಕ್ಕೆ ಬೇಜಾರಿಲ್ಲ. ಆದರೆ ನೌಕರಿ ಸಿಕ್ಕ ಮೇಲಾದರೂ ಒಂದು ರಜೆಯಲ್ಲಿ ಅವಳ ಪಕ್ಕ ಕೂತು ಕಲಿಯಬಹುದಿತ್ತು. ಈಗ ಆ ಕುಣಿಯನ್ನು ಮಣ್ಣು ತುಂಬಿ ಮುಚ್ಚಿದ್ದೇವೆ. ಮೇಲೆ ಟೈಲ್ಸ್ ಇದೆ. ನೀನು ಅಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ.

ಪರೀಕ್ಷೆ ಮುಗಿದ ಮೇಲೆ ಎರಡು ದಿನ ಬಿಡುವು ಮಾಡಿಕೊಂಡು ಲೇಕ್ ಸೆಬುಗೆ ಹೋಗಿ ಬಾ. ಜನರಲ್ ಸಾಂಟೋಸ್ ಮೇಲೆ ಬಸ್ಸಿನಲ್ಲಿ ಹೋಗಬಹುದು. ಒಬ್ಬಳೇ ಬೇಡ, ಗೆಳತಿಯರನ್ನು ಕರೆದುಕೊಂಡು ಹೋಗು. ನೇಯುತ್ತಿರುವ ಬಟ್ಟೆಯನ್ನು ದಾಟಬೇಡ, ಅವರಲ್ಲಿ ಅದು ತಪ್ಪು. ಕೊಳ್ಳುವುದಾದರೆ ಕತ್ತರಿಸದ ಬಟ್ಟೆಯನ್ನೇ ಕೊಳ್ಳು, ಸಣ್ಣದಾದರೂ ಸರಿ. ಚೌಕಾಸಿ ಮಾಡಬೇಡ. ದುಡ್ಡು ನಾನು ಕಳಿಸುತ್ತೇನೆ.

ಮತ್ತೆ, ಯಾರಾದರೂ ಅಜ್ಜಿ ನಾರು ಜೋಡಿಸುತ್ತಾ ಕೂತಿದ್ದರೆ ಕೇಳಿಕೊಂಡು ಪಕ್ಕದಲ್ಲಿ ಸುಮ್ನೆ ಕೂತ್ಕೋ. ಗಂಟನ್ನು ಯಾವ ಬೆರಳಿಂದ ಹಾಕುತ್ತಾರೆ, ಎಡಕ್ಕೋ ಬಲಕ್ಕೋ ಅಂತ ಸರಿಯಾಗಿ ನೋಡು. ಆಗದಿದ್ದರೆ ಅವರನ್ನೇ ಕೇಳು, ಹೇಳಿಕೊಡುತ್ತಾರೆ. ಬಂದಾಗ ನನಗೆ ಹಾಕಿ ತೋರಿಸು.

ನಿನ್ನ
ಅವ್ವ