ಲೆನ್ಸ್ ದೂರುವ ಮುನ್ನ ಫಿಲ್ಮ್ ಹೋಲ್ಡರ್ ಅಳೆಯಿರಿ

ಮಾನ್ಯ ಸಂಪಾದಕರೇ,

4×5 ಇಂಚಿನ ಬಿಡಿ ಫಿಲ್ಮ್ ಹಾಳೆ ಬಳಸುವ ಕ್ಯಾಮೆರಾಕ್ಕೆ ಯಾವ ಲೆನ್ಸ್ ಹೆಚ್ಚು ಸ್ಪಷ್ಟ ಎಂಬ ವಾದ ಬಹುಪಾಲು ದೂರದ ಬೆಟ್ಟದ ಒಂದೊಂದು ಚಿತ್ರದ ಮೇಲೆ ನಡೆಯುತ್ತದೆ. ಅಲ್ಲಿ ಪರೀಕ್ಷೆಯಾದದ್ದು ಲೆನ್ಸೋ, ಬಿಸಿಲ ಝಳವೋ, ದೇವರಿಗೇ ಗೊತ್ತು.

ಮೊದಲು ಹೋಲ್ಡರ್, ಅಂದರೆ ಫಿಲ್ಮ್ ಹಾಳೆಯನ್ನು ಹಿಡಿದು ಕ್ಯಾಮೆರಾದ ಬೆನ್ನಿಗೆ ಕೂರುವ ಚಪ್ಪಟೆ ಪೆಟ್ಟಿಗೆ. ಫಿಲ್ಮಿನ ಬೆನ್ನು ಒರಗುವ ಹಲಗೆಯ ಆಳ 0.197 ಇಂಚು. ಫಿಲ್ಮಿನ ದಪ್ಪ 0.007 ಇಂಚು ಕಳೆದರೆ, ಗ್ರೌಂಡ್ ಗ್ಲಾಸಿನ (ಫೋಕಸ್ ನೋಡುವ ಮಸುಕು ಗಾಜಿನ) ಒರಟು ಮುಖವೂ 0.190 ಇಂಚಿನಲ್ಲಿರಬೇಕು. ಡೆಪ್ತ್ ಗೇಜ್ (ಆಳ ಅಳೆಯುವ ಉಪಕರಣ) ಇಟ್ಟು ನೋಡಿ. ಅರ್ಧ ಮಿಲಿಮೀಟರ್ ತಪ್ಪಿದರೆ, ಅಪರ್ಚರ್ (ಬೆಳಕು ಒಳಬರುವ ರಂಧ್ರ) ಅಗಲವಾಗಿರುವ ಎಫ್/5.6ರಲ್ಲಿ ಪ್ರತಿ ಬಿಂದುವೂ ಸುಮಾರು 0.09 ಮಿ.ಮೀ. ಮಸುಕಾಗುತ್ತದೆ, ಕಿರಿದಾದ ಎಫ್/22ರಲ್ಲಿ 0.02 ಮಾತ್ರ. ‘ಈ ಲೆನ್ಸ್ ಪೂರ್ತಿ ತೆರೆದರೆ ಮಂಕು’ ಎಂಬ ಎಷ್ಟೋ ದೂರುಗಳ ಮೂಲ ಇದೇ.

ಹೋಲಿಸುವ ಎರಡೂ ಲೆನ್ಸ್‌ಗೆ ಒಂದೇ ಹೋಲ್ಡರ್, ಒಂದೇ ಪೆಟ್ಟಿಗೆಯ ಫಿಲ್ಮ್ ಬಳಸಿ. ಕ್ಯಾಮೆರಾದ ಮುಂದಿನ (ಲೆನ್ಸ್ ಇರುವ), ಹಿಂದಿನ (ಫಿಲ್ಮ್ ಇರುವ) ಚೌಕಟ್ಟು ಸಮಾನಾಂತರವಾಗಿರಲಿ. ಸ್ಪಷ್ಟತೆ ಅಳೆಯುವ ಒತ್ತೊತ್ತು ಗೆರೆಗಳ ಪಟ್ಟಿಯನ್ನು ಚಿತ್ರದ ನಡುವೆಯೂ ಮೂಲೆಯಲ್ಲೂ ಬರುವಂತೆ ಗೋಡೆಗೆ ಅಂಟಿಸಿ, ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಬೆಳಕಿನಲ್ಲಿ ತೆಗೆಯಿರಿ. ಶಟರ್ ನಡುಕದ ಕಾಟ ತಪ್ಪುತ್ತದೆ. ಡಾಗರ್‌ನಂಥ ಹಳೆಯ ಲೆನ್ಸ್‌ಗಳಲ್ಲಿ ಅಪರ್ಚರ್ ಕಿರಿದಾದಂತೆ ಫೋಕಸ್ ಜರುಗುತ್ತದೆ, ಹಾಗಾಗಿ ಚಿತ್ರ ತೆಗೆಯುವ ಅಪರ್ಚರ್‌ನಲ್ಲೇ ಫೋಕಸ್ ಮಾಡಬೇಕು.

ನೆಗೆಟಿವನ್ನು ಸೂಕ್ಷ್ಮದರ್ಶಕದಲ್ಲೇ ನೋಡಿ. ಸಾಮಾನ್ಯ ಫ್ಲಾಟ್‌ಬೆಡ್ ಸ್ಕ್ಯಾನರ್ ಲೆನ್ಸ್‌ಗಿಂತ ಮೊದಲೇ ಸೋಲುತ್ತದೆ. ಎಫ್/45 ದಾಟಿದ ಮೇಲಂತೂ ಹೋಲಿಕೆಯೇ ವ್ಯರ್ಥ: ವಿವರ್ತನೆಯಿಂದಾಗಿ (ಕಿರಿದಾದ ರಂಧ್ರದಲ್ಲಿ ಬೆಳಕು ಹರಡುವುದರಿಂದ) ಮಿಲಿಮೀಟರಿಗೆ ಸುಮಾರು 35 ಗೆರೆಜೋಡಿಗಿಂತ (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ) ಹೆಚ್ಚನ್ನು ಎಷ್ಟು ದುಬಾರಿ ಲೆನ್ಸೂ ಕೊಡದು. 16×20 ಇಂಚಿನ ಮುದ್ರಣಕ್ಕೆ ಅಷ್ಟು ಧಾರಾಳ ಸಾಕು.

– ಓರ್ವ ಓದುಗ