ಆ ರಾತ್ರಿ ಬೋನಿನ ಪಕ್ಕ ಕೂತವರಿಗೆ

ಹಂದಿಗೆಂದು ಕಟ್ಟಿದ ಕ್ಲಚ್ ವೈರಿನ ಉರುಳಿಗೆ ಸೊಂಟ ಕೊಟ್ಟಿದ್ದ ಹೆಣ್ಣು ಚಿರತೆ ಮೊನ್ನೆ ಕಾಡು ಸೇರಿತು. ಅರಿವಳಿಕೆ ಕೊಟ್ಟು ಉರುಳಿನಿಂದ ಬಿಡಿಸಿದ ಮೇಲೆ, ಚಿಕಿತ್ಸೆಗೆಂದು ಅದನ್ನು ಬೋನಿನಲ್ಲಿಟ್ಟುಕೊಂಡಿದ್ದೆವು. ಜನರನ್ನು ದೂರ ನಿಲ್ಲಿಸಿದ ಪೊಲೀಸರು ಮತ್ತು ಊರ ಹುಡುಗರು, ಜನರೇಟರ್ ಕೊಟ್ಟ ತೋಟದವರು, ರಕ್ತದ ವರದಿ ಅವತ್ತೇ ಕೊಟ್ಟ ಲ್ಯಾಬಿನವರು, ಅರಣ್ಯ ಸಿಬ್ಬಂದಿ, ಎಲ್ಲರಿಗೂ ನಮಸ್ಕಾರ.

ಉಳಿದದ್ದೆಲ್ಲ ರಾತ್ರಿ ಪಾಳಿಯ ವಾಚರಣ್ಣನಿಗೆ.

ಬೋನಿನ ಚಿರತೆಯನ್ನು ಹತ್ತಿರ ಹೋಗಿ ನೋಡುವಂತಿಲ್ಲ. ಮನುಷ್ಯ ಕಂಡರೆ ಸರಳಿಗೆ ಎರಗಿ ಕೋರೆಹಲ್ಲು ಮುರಿದುಕೊಳ್ಳುತ್ತದೆ. ಆಮೇಲೆ ಬೇಟೆ ಹೇಗೆ? ಅಣ್ಣ ನಾಲ್ಕೂ ಕಡೆ ಗೋಣಿತಾಟು ಕಟ್ಟಿ, ಒಂದು ಮೂಲೆಯಲ್ಲಿ ಮಾತ್ರ ಅಂಗೈ ಅಗಲ ಬಿಟ್ಟರು. ಬೀಡಿ ಇಲ್ಲ, ಮೊಬೈಲ್ ಇಲ್ಲ, ಟಾರ್ಚಿಗೆ ಕೆಂಪು ಹಾಳೆ. ಅರಿವಳಿಕೆ ಪೂರ್ತಿ ಇಳಿಯುವವರೆಗೆ ನೀರಿನ ಬಟ್ಟಲು ಒಳಗಿಡಲಿಲ್ಲ. ತೂಗುವ ತಲೆ ಒಂದು ಬೊಗಸೆ ನೀರಿಗೆ ಬಿದ್ದರೂ ಉಸಿರು ಕಟ್ಟುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಪಕ್ಕೆ ಏರಿಳಿಯುವುದನ್ನು ಎಣಿಸಿ ಬರೆದರು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಸಾಕೆಂದಿದ್ದೆವು. ಅವರು ಕೇಳಲಿಲ್ಲ, ಪೂರ್ತಿ ನಿಮಿಷವೇ ಎಣಿಸಿದರು.

ಮೂರು ಗಂಟೆಗೆ ಫೋನ್: "ಡಾಕ್ಟ್ರೇ, ಉಚ್ಚೆ ಡಿಕಾಕ್ಷನ್ ಬಣ್ಣ ಬಂದಿದೆ."

ಬೋನಿನಡಿ ಬಿಳಿ ತಟ್ಟೆ ಇಟ್ಟಿದ್ದು ಅವರದೇ ಉಪಾಯ. ಸಿಮೆಂಟಿನ ಮೇಲೆ ಬಿದ್ದಿದ್ದರೆ ಬಣ್ಣ ತಿಳಿಯುತ್ತಿರಲಿಲ್ಲ. ಉರುಳಿನಲ್ಲಿ ಗಂಟೆಗಟ್ಟಲೆ ಒದ್ದಾಡಿದ ಸ್ನಾಯು ಒಡೆಯುತ್ತದೆ. ಅದರೊಳಗಿನ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನ್ ರಕ್ತಕ್ಕಿಳಿದು ಉಚ್ಚೆಗೆ ಆ ಬಣ್ಣ ಕೊಡುತ್ತದೆ, ಮೂತ್ರಪಿಂಡವನ್ನೂ ಕೆಡಿಸುತ್ತದೆ. ಆಗ ಬೇಕಾದದ್ದು ಸಲೈನ್, ಅದೂ ಬೇಗ. ಹಗುರವಾಗಿ ಮತ್ತೆ ಅರಿವಳಿಕೆ ಕೊಟ್ಟು, ಬೆಳಕು ಹರಿಯುವ ಮುಂಚೆ ಡ್ರಿಪ್ ಹಾಕಿಯಾಗಿತ್ತು.

ಹಿಂದೊಮ್ಮೆ ಇಂಥದೇ ಉರುಳಿನ ಚಿರತೆ, ಮೈಮೇಲೆ ಗಾಯವೇ ಕಾಣದ್ದು, ನಾಲ್ಕನೇ ದಿನ ಸತ್ತಿತ್ತು. ಅವತ್ತು ಯಾರೂ ಉಚ್ಚೆ ನೋಡಿರಲಿಲ್ಲ. ನಾವೂ ನೋಡಿರಲಿಲ್ಲ.

ಇರಲಿ.

"ಚೆನ್ನಾಗೇ ಇದೆಯಲ್ಲ, ಇವತ್ತೇ ಬಿಡಿ" ಎಂದವರ ಮೇಲೆ ಸಿಟ್ಟಿಲ್ಲ. ವೈರ್ ಬಿಗಿದ ಚರ್ಮ ಮೊದಲ ದಿನ ನಿಜಕ್ಕೂ ಚೆನ್ನಾಗೇ ಕಾಣುತ್ತದೆ. ಒಳಗೆ ರಕ್ತ ಓಡದೆ, ಕೆಲವು ದಿನಗಳಲ್ಲಿ ಕಪ್ಪಾಗಿ ಕಳಚುತ್ತದೆ. ಇದಕ್ಕೂ ಆರನೇ ದಿನ ಸೊಂಟದ ಎಡಗಡೆ ಅಂಗೈ ಅಗಲ ಕಳಚಿತು. ಅಣ್ಣನ ನೋಟ್‌ಬುಕ್ಕಿನಲ್ಲಿ ಹಿಂದಿನ ದಿನವೇ ಇದೆ: 'ಮಾಂಸ 3 ಕಿಲೋ, ಉಳಿದದ್ದು 1. ಎಡಗಡೆ ಒಂದೇ ಜಾಗ ನೆಕ್ಕುತ್ತಿದೆ.'

ಬಿಡುವ ಮುಂಚೆ ಎರಡೂ ಪಕ್ಕೆಯ ಫೋಟೊ ತೆಗೆದಿದ್ದೇವೆ. ಒಂದು ಚಿರತೆಯ ಚುಕ್ಕೆಗಳು ಇನ್ನೊಂದಕ್ಕಿಲ್ಲ, ಎಡದ್ದು ಬಲಕ್ಕೂ ಹೊಂದುವುದಿಲ್ಲ. ಹಾಗಾಗಿ ಎರಡೂ ಬೇಕು. ಮುಂದೆಂದಾದರೂ ಕಾಡಿನ ಕ್ಯಾಮೆರಾ ಟ್ರ್ಯಾಪಿಗೆ, ಅಂದರೆ ಪ್ರಾಣಿ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾಕ್ಕೆ, ಇದೇ ಚುಕ್ಕೆ ಸಿಕ್ಕರೆ ಮೊದಲ ಫೋನ್ ಅಣ್ಣನಿಗೆ. ರಾತ್ರಿ ಮೂರು ಗಂಟೆಯಾದರೂ ಸರಿ.